ಗುಲಗಂಜಿಯ ಸಪ್ಪಳ

ಕುದುರೆಯ ವ್ಯಾಜ್ಯ ನನ್ನ ಕಟ್ಟೆಗೆ ಬಂದರೆ ಮಧ್ಯಾಹ್ನದ ಊಟದೊಳಗೆ ತೀರುತ್ತದೆ. ಮೂವತ್ತೊಂದು ವರ್ಷದಿಂದ ಹೀಗೇ ನಡೆದಿದೆ. ನಾನು ಲಾಳದ ತುಳಜವ್ವ. ಈ ಊರಿನಲ್ಲಿರುವ ಅಷ್ಟೂ ಕುದುರೆಗಳ ಗೊರಸು ನನ್ನ ತೊಡೆಯ ಮೇಲೆ ಕೂತು ಹೋಗಿವೆ. ಸಪ್ಪಳ ಕೇಳಿದರೆ ಸಾಕು, ಯಾವ ಕಾಲಿನ ಯಾವ ಮೊಳೆ ಸಡಿಲಾಗಿದೆ ಎಂದು ಹೇಳಬಲ್ಲೆ. ಇದನ್ನು ಜಂಬ ಎನ್ನುವವರು ಎನ್ನಲಿ, ಅವರ ಕುದುರೆಗೂ ನಾಳೆ ಲಾಳ ಬೇಕಾಗುತ್ತದೆ.

ನಮ್ಮೂರಲ್ಲಿ ಕುದುರೆಯನ್ನು ಎರವಲು ಕೊಟ್ಟರೆ ಕುದುರೆ ಮಾತ್ರ ಹೋಗುತ್ತದೆ, ಅದರ ಕಾಲಿನ ಸಪ್ಪಳ ಕೊಟ್ಟವರ ಅಂಗಳದಲ್ಲೇ ಉಳಿಯುತ್ತದೆ. ಎರವಲು ಹೋದ ಕುದುರೆ ಬೀದಿಯಲ್ಲಿ ಬೆಕ್ಕಿನ ಹಾಗೆ ಬರುತ್ತದೆ. ಹಿಂದಿನಿಂದ ಬಂದು ಹೆಗಲಿಗೆ ಮೂತಿ ತಾಗಿಸಿದಾಗಲೇ ಗೊತ್ತಾಗುವುದು. ಹಾಗಾಗಿ ಕೊರಳಿಗೆ ಗಂಟೆ ಕಟ್ಟದೆ ಅದನ್ನು ಹೊರಡಿಸುವ ಹಾಗಿಲ್ಲ. ಇತ್ತ ಕೊಟ್ಟವರ ಬರಿಯ ಅಂಗಳದಲ್ಲಿ ದಿನವಿಡೀ ಟಕ್ಕು ಟಕ್ಕು ನಡೆದೇ ಇರುತ್ತದೆ. ಹಪ್ಪಳ ಒಣಹಾಕುವ ಹೆಂಗಸರು ಅದರ ನಡುವೆಯೇ ಓಡಾಡುತ್ತಾರೆ. ಹೊಸದಾಗಿ ಬಂದ ಸೊಸೆಯಂದಿರು ಮೊದಲ ವಾರ ಬೆಚ್ಚಿ ದಾರಿ ಬಿಡುತ್ತಾರೆ, ಎರಡನೇ ವಾರ ಆ ತಾಳಕ್ಕೇ ರೊಟ್ಟಿ ಬಡಿಯುತ್ತಾರೆ. ಅವಧಿ ಮುಗಿದು ಕುದುರೆ ಬಾಗಿಲಿಗೆ ಬಂದು ನಿಂತಾಗ ಒಡೆಯ “ಬಂತು, ಒಪ್ಪಿದೆ” ಎನ್ನಬೇಕು. ಅಂದ ಕೂಡಲೇ ಸಪ್ಪಳ ಅಂಗಳ ಬಿಟ್ಟು ಕಾಲಿಗೆ ಸೇರುತ್ತದೆ. ಒಪ್ಪದಿದ್ದರೆ ಕುದುರೆ ನನ್ನ ಕೊಟ್ಟಿಗೆಗೆ, ಇಬ್ಬರೂ ನನ್ನ ಕಟ್ಟೆಗೆ.

ಇದರಿಂದ ನನ್ನ ಕೆಲಸ ಹಗುರ. ಎಷ್ಟು ನಡೆಸಿದರು, ಎಲ್ಲಿ ಓಡಿಸಿದರು, ನೀರಿಗೆ ನಿಲ್ಲಿಸಿದರೋ ಇಲ್ಲವೋ, ಎಲ್ಲವೂ ಕೊಟ್ಟವರಿಗೆ ಕೇಳಿಸಿರುತ್ತದೆ. ತೆಗೆದುಕೊಂಡವರು ಸುಳ್ಳು ಹೇಳಿದರೆ ಅಂಗಳವೇ ಸಾಕ್ಷಿ.

ನನ್ನ ತಾಯಿಯೂ ಇದೇ ಕಟ್ಟೆಯಲ್ಲಿ ಕೂತವಳು. ಎರವಲು ಹೋದ ಕುದುರೆಯ ಸಪ್ಪಳವನ್ನು ಮಾತಾಡಿಸಬಾರದು ಎನ್ನುತ್ತಿದ್ದಳು. ಯಾಕೆ ಎಂದು ಕೇಳಿದರೆ “ಮಾತಾಡಸಬಾರದು ಅಂದ್ರ ಮಾತಾಡಸಬಾರದು” ಎಂಬುದೇ ಉತ್ತರ. ದೀಪ ಹಚ್ಚಿದ ಮೇಲೆ ಉಪ್ಪು ಕೊಡಬಾರದು, ಉಗುರು ಕತ್ತರಿಸಬಾರದು ಎನ್ನುವ ಸಾಲಿಗೆ ಅದನ್ನೂ ಸೇರಿಸಿ ನಾನು ಮರೆತುಬಿಟ್ಟಿದ್ದೆ. ಆ ಮರೆವಿಗೆ ದಂಡ ತೆತ್ತವಳು ಮಾತ್ರ ನಾನಲ್ಲ, ಉಪ್ಪಿನ ಲಾಲಬಿ.

ಲಾಲಬಿ ಎರಡು ಹರದಾರಿ ದೂರದ ಉಪ್ಪಿನ ಬಯಲಿನಿಂದ ಉಪ್ಪು ತಂದು ಮನೆಮನೆಗೆ ಅಳೆದು ಕೊಡುವವಳು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು, ಒಂದು ಕತ್ತೆ. ಕತ್ತೆಗೆ ಮುಪ್ಪು ಬಂದು ಒಂದು ದಿನ ದಾರಿಯಲ್ಲೇ ಕೂತಿತು, ಎಬ್ಬಿಸಿದರೆ ಏಳಲಿಲ್ಲ. ಅದೇ ಹೊತ್ತಿಗೆ ಜಟಕಾ ಹೊಡೆಯುವ ಗುರುಪಾದಪ್ಪ ಕಾಲು ಮುರಿದುಕೊಂಡು ಹಾಸಿಗೆ ಹಿಡಿದಿದ್ದ. ಮೂವತ್ತು ವರ್ಷ ಗಾಡಿ ಹೊಡೆದವನು ನಿಂತ ಜಟಕಾದಿಂದ ಇಳಿಯುವಾಗ ಬಿದ್ದದ್ದು ಹೇಗೆ ಎಂದು ಯಾರೂ ಅವನೆದುರು ಕೇಳುತ್ತಿರಲಿಲ್ಲ. ಅವನು ಮೀಸೆಯ ಮನುಷ್ಯ. ಅವನ ಹೆಣ್ಣು ಕುದುರೆಯ ಹೆಸರು ಗುಲಗಂಜಿ. ಮೈಯೆಲ್ಲ ಕೆಂಪು, ಒಂದು ಕಿವಿ ಮಾತ್ರ ಕಪ್ಪು.

ನಿಂತಲ್ಲೇ ನಿಂತ ಕುದುರೆಯ ಕಾಲು ಹಿಡಿದುಕೊಳ್ಳುತ್ತದೆ, ಅದನ್ನು ನಡೆಸುವವರು ಬೇಕು. ಲಾಲಬಿಗೆ ಉಪ್ಪು ಹೊರುವ ಕಾಲು ಬೇಕು. ಹುಣ್ಣಿಮೆಯಿಂದ ಹುಣ್ಣಿಮೆಗೆ ಎಂದು ಮಾತಾಯಿತು, ಬದಲಿಗೆ ಗುರುಪಾದಪ್ಪನ ಮನೆಗೆ ವರ್ಷದ ಉಪ್ಪು. ನಡಿಗೆ ಮಾತ್ರ, ಓಟ ಇಲ್ಲ ಎಂಬುದು ಅವನ ಕರಾರು. ಅವಳು ಒಪ್ಪಿದಳು.

ಎಂಟನೇ ದಿನ ಬೆಳಿಗ್ಗೆ ಲಾಲಬಿ ಕುದುರೆಯನ್ನು ಅವನ ಬಾಗಿಲಿಗೆ ತಂದು ನಿಲ್ಲಿಸಿದಳು. ಎಡ ಮುಂಗಾಲಿನ ಗಂಟು ಬದನೆಕಾಯಿಯ ಹಾಗೆ ಊದಿತ್ತು, ಗೊರಸು ಸೀಳಿತ್ತು. ಗುರುಪಾದಪ್ಪ ಒಪ್ಪಲಿಲ್ಲ. ನಾಲ್ಕು ಜನ ಅವನನ್ನು ಮಲಗಿದ್ದ ಹೊರಸಿನ ಸಮೇತ ನನ್ನ ಕಟ್ಟೆಗೆ ಹೊತ್ತು ತಂದರು.

“ನಿನ್ನೆ ನಡುಹಗಲು ನಮ್ಮ ಅಂಗಳದಾಗ ಕುದುರಿ ನಾಗಾಲೋಟ ಓಡೈತಿ, ತುಳಜವ್ವಾ,” ಎಂದ ಗುರುಪಾದಪ್ಪ. “ನಾ ಕೇಳೇನಿ, ಕಾಶವ್ವ ಕೇಳ್ಯಾಳ, ನನ್ನ ಕಾಲು ನೋಡಾಕ ಬಂದ ಎಲುಬು ಕಟ್ಟಾಂವನೂ ಕೇಳ್ಯಾನ. ಕಲ್ಲಿನ ಮ್ಯಾಲ ಓಡಿಸ್ಯಾಳ.”

ಕಾಶವ್ವ ಅವನ ಹೆಂಡತಿ. ಅವಳು ಕೇಳಿದ್ದು ಹೌದು ಎಂದಳು. ಎಲುಬು ಕಟ್ಟುವವನೂ ಹೌದು ಎಂದ.

“ನಾ ಓಡಿಸಿಲ್ರೀ ಅಕ್ಕಾರ,” ಎಂದಳು ಲಾಲಬಿ. “ಚೀಲ ಹೇರಬೇಕಂತ ಬಗ್ಗೇನಿ, ಕುದುರಿ ಕಿವಿ ನೆಟ್ಟಗ ಮಾಡಿತು. ಕೈಯಾಗಿನ ಹಗ್ಗ ಕಿತ್ಕೊಂಡು ಊರ ಕಡೆ ಓಡ್ತು. ನಾನೂ ಹಿಂದ ಓಡಿದೆ. ಹಳ್ಳದ ಕಲ್ಲಾಗ ಮೂರು ಕಾಲ ಮ್ಯಾಲ ನಿಂತಿತ್ತು.”

ಕುದುರೆ ತಾನಾಗೇ ಓಡಿತು ಎನ್ನದ ಎರವಲುಗಾರರನ್ನು ನಾನು ಈವರೆಗೆ ಕಂಡಿಲ್ಲ.

“ಹಾವು ಕಂಡಿತ್ತೇನು?”

“ಇಲ್ರೀ.”

“ಜೇನು ಕಚ್ಚಿತ್ತೇನು?”

“ಇಲ್ರೀ. ಅಲ್ಲೆ ಏನೂ ಇರಲಿಲ್ಲ. ಸುಳ್ಳ ಯಾಕ ಹೇಳ್ಲಿ?”

ಸುಳ್ಳು ಹೇಳುವವಳಾಗಿದ್ದರೆ ಒಂದು ಹಾವನ್ನಾದರೂ ತಂದು ನಡುವೆ ಬಿಡುತ್ತಿದ್ದಳು. ಅದು ನನಗೆ ಆಗ ಹೊಳೆಯಬೇಕಿತ್ತು. ಕುದುರೆ ಊರ ಕಡೆಗೇ ಯಾಕೆ ಓಡಿತು ಎಂದಾದರೂ ಕೇಳಬೇಕಿತ್ತು. ಕೇಳಲಿಲ್ಲ. ಮೂರು ಸಾಕ್ಷಿ ಇದ್ದವು, ಊಟದ ಹೊತ್ತೂ ಆಗಿತ್ತು. ಲಾಲಬಿಯ ಎರವಲು ನಿಂತಿತು ಎಂದು ತೀರ್ಪು ಹೇಳಿ ಎದ್ದೆ.

ಬೇರೆ ಊರಿನವರಿಗೆ ಇದು ಸಣ್ಣ ಶಿಕ್ಷೆ ಅನ್ನಿಸಬಹುದು. ನಮ್ಮೂರಲ್ಲಿ ಎರಡು ಮನೆಗೆ ಒಂದು ಒರಳು, ಓಣಿಗೆ ಒಂದು ಏಣಿ. ಎರವಲು ನಿಂತವರಿಗೆ ಯಾರೂ ಜರಡಿ ಕೊಡುವುದಿಲ್ಲ, ಒಲೆಗೆ ಕೆಂಡ ಕೊಡುವುದಿಲ್ಲ, ಹಾಲಿಗೆ ಒಂದು ಚಮಚ ಹೆಪ್ಪು ಕೊಡುವುದಿಲ್ಲ. ನನ್ನ ಕಾಲದಲ್ಲಿ ಹೀಗೆ ಎರವಲು ನಿಂತ ಮೂರು ಮನೆಯವರೂ ವರ್ಷ ತುಂಬುವುದರೊಳಗೆ ಗಂಟುಮೂಟೆ ಕಟ್ಟಿ ಊರು ಬಿಟ್ಟಿದ್ದರು. ಇದೆಲ್ಲ ಲಾಲಬಿಗೂ ಗೊತ್ತಿತ್ತು. ಅವಳು ಅಳಲಿಲ್ಲ, ನನ್ನನ್ನು ಬಯ್ಯಲೂ ಇಲ್ಲ. ಮರುದಿನ ತಲೆಯ ಮೇಲೆ ಉಪ್ಪಿನ ಮೂಟೆ ಹೊತ್ತು ನನ್ನ ಕಟ್ಟೆಯ ಮುಂದೆಯೇ ನಡೆದು ಹೋದಳು. ಅದರ ಮರುದಿನವೂ ಹೋದಳು. ಹಿಂದೆ ಅವಳ ದೊಡ್ಡ ಮಗಳು, ಅವಳ ತಲೆಯ ಮೇಲೊಂದು ಸಣ್ಣ ಮೂಟೆ.

ಕಾಲು ವಾಸಿಯಾಗುವ ತನಕ ಗುಲಗಂಜಿ ನನ್ನ ಕೊಟ್ಟಿಗೆಯಲ್ಲಿ ಉಳಿಯಿತು. ಹುಣಸೆ ಎಲೆ ಬಿಸಿ ಮಾಡಿ ದಿನಕ್ಕೆರಡು ಸಲ ಗಂಟಿಗೆ ಕಟ್ಟುತ್ತಿದ್ದೆ. ಊತ ಇಳಿಯಿತು. ಆದರೆ ದಿನಾ ಸಂಜೆ, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ, ಅದು ಮೇವು ಬಿಟ್ಟು ತಲೆ ಎತ್ತುತ್ತಿತ್ತು. ಆ ಕಪ್ಪು ಕಿವಿ ಗುರುಪಾದಪ್ಪನ ಓಣಿಯ ಕಡೆಗೆ ನೆಟ್ಟಗಾಗುತ್ತಿತ್ತು. ಆಮೇಲೆ ಹಗ್ಗ ಜಗ್ಗುವುದು, ಕುಂಟುಕಾಲನ್ನೂ ಲೆಕ್ಕಿಸದೆ ನೆಲ ತುಳಿಯುವುದು. ಹಸಿವು ಇರಬೇಕು ಎಂದು ಇನ್ನೊಂದು ಹಿಡಿ ಹುರುಳಿ ಹಾಕುತ್ತಿದ್ದೆ. ಮೂಸಿಯೂ ನೋಡುತ್ತಿರಲಿಲ್ಲ.

ಒಡೆಯ ಇನ್ನೂ ಒಪ್ಪಿರಲಿಲ್ಲವಾದ್ದರಿಂದ ಸಪ್ಪಳ ಅವನ ಅಂಗಳದಲ್ಲೇ ಇತ್ತು. ನನ್ನ ಕೊಟ್ಟಿಗೆಯಲ್ಲಿ ಕುದುರೆ ಎಷ್ಟು ತುಳಿದರೂ ನನಗೆ ಕೇಳಿಸದು. ಕುಂಟು ಎಷ್ಟು ಇಳಿದಿದೆ ಎಂದು ತಿಳಿಯಬೇಕಾದರೆ ಅಲ್ಲಿಗೇ ಹೋಗಬೇಕು. ಕುದುರೆ ನನ್ನ ಕೊಟ್ಟಿಗೆಗೆ ಬಂದ ಹತ್ತನೇ ದಿನ ಸಂಜೆ ಹೋದೆ. ಗೋಡೆಯ ಹೊರಗೇ ನಿಂತು ಕಿವಿಗೊಟ್ಟೆ. ಟಕ್, ಟಕ್, ಟಕ್, ಆಮೇಲೆ ಅರ್ಧ. ಮೂರು ಕಾಲು ಸರಿ, ಒಂದು ಇನ್ನೂ ಅನುಮಾನಿಸುತ್ತಿದೆ ಎಂದು ಲೆಕ್ಕ ಹಾಕುತ್ತಿರುವಾಗ ಒಳಗಿನಿಂದ ಮಾತು ಕೇಳಿತು.

“ಬಂದ್ಯಾ ನನ್ನವ್ವಾ? ಆ ತುಳಜವ್ವ ಹೊಟ್ಟಿತುಂಬ ಹಾಕ್ತಾಳೋ ಇಲ್ಲೋ? ಆಕಿ ಕೈ ಬಿರುಸು. ಬಾ, ಇತ್ತ ಬಾ.”

ಗುರುಪಾದಪ್ಪ ಹೊರಸಿನ ಮೇಲೆ ಮಲಗಿ ಖಾಲಿ ಅಂಗಳದ ಜೊತೆ ಮಾತಾಡುತ್ತಿದ್ದ. ಮೆಲ್ಲಗೆ ತುಳಿಯುತ್ತಿದ್ದ ಸಪ್ಪಳ ಅವನು ‘ಬಾ’ ಅಂದದ್ದೇ ತಡ ಚುರುಕಾಯಿತು. ನಡಿಗೆಯಲ್ಲ ಅದು, ಓಟವೂ ಅಲ್ಲ. ಕಟ್ಟಿದ ಕುದುರೆ ಹಗ್ಗ ಜಗ್ಗುತ್ತ ನಿಂತಲ್ಲೇ ತುಳಿಯುವ ತುಳಿತ. ಆ ಹಗ್ಗ ನನ್ನದು, ಗೂಟವೂ ನನ್ನದು. ಇಲ್ಲಿ ಅವನು ಕರೆದದ್ದು ಅಲ್ಲಿ ನನ್ನ ಕೊಟ್ಟಿಗೆಯಲ್ಲಿ ಕುದುರೆಗೆ ಕೇಳುತ್ತಿತ್ತು.

ತಾಯಿಯ ಮಾತು ಆಗ ನೆನಪಾಯಿತು. ನನಗೆ ಸಿಟ್ಟು ಬಂತು. ಮೊದಲು ಅವನ ಮೇಲೆ, ಆಮೇಲೆ ನನ್ನ ಮೇಲೆ. ಏನು ಕೇಳಿಸಿತು ಎಂದು ಮೂರು ಸಾಕ್ಷಿಗಳನ್ನು ವಿಚಾರಿಸಿದ್ದೆ. ನೀವು ಏನಾದರೂ ಹೇಳಿದಿರೋ ಎಂದು ಒಬ್ಬರನ್ನೂ ವಿಚಾರಿಸಿರಲಿಲ್ಲ. ಬಾಗಿಲು ತಳ್ಳಿ ಒಳಗೆ ಹೋದೆ.

“ಸಪ್ಪಳ ಮಾತಾಡಸ್ತೀಯೇನು ಗುರುಪಾದಪ್ಪಾ?”

ಅವನು ಬೆಚ್ಚಿದ. ಆಮೇಲೆ ಮೀಸೆ ನೇವರಿಸಿಕೊಂಡ. “ನನ್ನ ಕುದುರಿ, ನನ್ನ ಅಂಗಳ. ಮಾತಾಡಿದ್ರ ಯಾರ ಗಂಟು ಹೋಗ್ತೈತಿ?”

“ಅವತ್ತ ನಡುಹಗಲು ಏನ್ ಮಾತಾಡಿದಿ?”

ಅವನು ಗೋಡೆ ನೋಡಿದ. ಕಾಶವ್ವ ಕೈಯಲ್ಲಿ ಮೊರ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

“ನೀವು ಹೇಳ್ತೀರೋ, ನಾ ಹೇಳ್ಲೋ?” ಎಂದು ಗಂಡನನ್ನು ಕೇಳಿದಳು.

“ಒಳಗ ಹೋಗು.”

“ಹೋಗಂಗಿಲ್ಲ. ತುಳಜಕ್ಕಾ, ಅವತ್ತ ಎಲುಬು ಕಟ್ಟಾಂವ, ಮೊದಲ ಕಟ್ಟಿದ್ದು ಸರಿ ಕೂಡಿಲ್ಲಂತ ಕಾಲು ಮತ್ತ ಜಗ್ಗಿ ಕೂಡಿಸಿದ. ಇವರು ‘ಗುಲಗಂಜೀ’ ಅಂತ ಚೀರಿದ್ರು ನೋಡು, ಮಾಳಗಿ ಮ್ಯಾಲಿನ ಪಾರಿವಾಳ ಎಲ್ಲಾ ಎದ್ದು ಹೋದ್ವು. ದೇವರ ಹೆಸರು ಬರಲಿಲ್ಲ. ಮೂವತ್ತು ವರ್ಷ ಬೇಯಿಸಿ ಹಾಕಿದಾಕಿ ಮಗ್ಗಲಾಗ ನಿಂತಿದ್ದೆ, ನನ್ನ ಹೆಸರೂ ಬರಲಿಲ್ಲ. ಆಮ್ಯಾಲ ಅಂಗಳದಾಗ ಓಟ ಸುರು ಆತು. ಮನಿ ಮರ್ಯಾದಿ ಅಂತ ಸುಮ್ಮನಿದ್ದೆ. ಲಾಲಬಿ ಮೂಟಿ ಹೊತ್ಕೊಂಡು ಹೋಗೂದು ನೋಡಿದಾಗಿಂದ ಅನ್ನ ಇಳೀವಲ್ದು.”

ಎಲುಬು ಕೂಡಿಸುವಾಗ ತಾನು ತುಟಿ ಪಿಟಕ್ ಎನ್ನಲಿಲ್ಲ ಎಂದು ಗುರುಪಾದಪ್ಪ ಊರೆಲ್ಲ ಹೇಳಿಸಿದ್ದ. ಎಲುಬು ಕಟ್ಟುವವರು ಯಾರು ಹೇಗೆ ಕೂಗಿದರು ಎಂಬುದನ್ನು ಹೊರಗೆ ಆಡುವುದಿಲ್ಲ. ಆಡಿದರೆ ಅವರ ಕೈಗೆ ಯಾರೂ ಕಾಲು ಕೊಡರು. ಹೀಗೆ ಮೂವರೂ ನಿಜವನ್ನೇ ಹೇಳಿ ಲಾಲಬಿಯನ್ನು ಮುಳುಗಿಸಿದ್ದರು. ಮುಳುಗಿಸಿದ ಕೈ ನನ್ನದು.

“ನಾ ಕರದದ್ದಕ್ಕ ಬರಾಕತ್ತಿತ್ತೇನು ಅದು?” ಎಂದ ಗುರುಪಾದಪ್ಪ. ದನಿ ಸಣ್ಣದಾಗಿತ್ತು. “ಕಲ್ಲು ಮುಳ್ಳು ನೋಡದ, ನನ್ನ ಕಡೆ?”

“ಮತ್ಯಾರ ಕಡೆ?”

ಅವನು ಅಳುವುದನ್ನು ನಾನು ನೋಡಬಾರದೆಂದು ಗೋಡೆಯ ಕಡೆ ಮಗ್ಗುಲಾದ. ನಾನು ನೋಡಿದೆ. ನನ್ನ ಸಿಟ್ಟು ಅರ್ಧ ಇಳಿಯಿತು. ಸ್ವಲ್ಪ ಹೊತ್ತಿಗೆ ಮುಖ ಒರೆಸಿಕೊಂಡು ಈ ಕಡೆ ತಿರುಗಿದ.

“ತುಳಜವ್ವಾ, ಜೇನು ಕಚ್ಚಿದ್ದು ಗೊತ್ತಾತು ಅಂತ ಹೇಳು. ಲಾಲಬೀನ ಬಿಟ್ಟುಬಿಡು. ನಿನ್ನ ತೀರ್ಪೂ ಕೆಡೂದಿಲ್ಲ, ನನ್ನ ಮೀಸಿನೂ ಉಳೀತೈತಿ.”

ಸುಳ್ಳು ಯಾಕೆ, ಆ ಮಾತು ಒಂದು ಗಳಿಗೆ ನನಗೂ ಹಿಡಿಸಿತು. ಮೂವತ್ತೊಂದು ವರ್ಷದಲ್ಲಿ ನನ್ನ ಒಂದು ತೀರ್ಪೂ ತಿರುಗಿ ಬಿದ್ದಿರಲಿಲ್ಲ. ಆದರೆ ಜೇನಿನ ಕತೆ ಹೇಳಿದರೆ ತುಳಜವ್ವ ಕನಿಕರಪಟ್ಟಳು ಎನ್ನುತ್ತದೆ ಊರು. ಲಾಲಬಿಗೆ ಬೇಕಾದದ್ದು ಕನಿಕರವಲ್ಲ. ಕನಿಕರದಿಂದ ಸಿಕ್ಕ ಎರವಲು ಇನ್ನೊಂದು ದಿನ ಇನ್ನೊಬ್ಬರ ಮಾತಿಗೆ ಮತ್ತೆ ನಿಲ್ಲುತ್ತದೆ.

“ನಾಳೆ ಮುಂಜಾನೆ ನಿನ್ನ ಹೊರಸು ನನ್ನ ಕಟ್ಟಿ ಮುಂದ ಬರಬೇಕು,” ಎಂದೆ. “ನೀನಾಗಿ ಹೇಳಿದ್ರ ಛಲೋ. ಇಲ್ಲಂದ್ರ ನಾ ಹೇಳ್ತೀನಿ. ನಾ ಹೇಳಿದ್ರ, ನೀ ಹ್ಯಾಂಗ ಚೀರಿದಿ ಅಂತ ಚೀರಿ ತೋರಸ್ತೀನಿ.”

ಕಾಶವ್ವ ಮೊರವನ್ನು ಮುಖಕ್ಕೆ ಅಡ್ಡ ಹಿಡಿದು ನಕ್ಕಳು.

ಮರುದಿನ ಹೊರಸು ಬಂತು. ಲಾಲಬಿಯನ್ನೂ ಕರೆಸಿದೆ. ಅವಳು ಮೂಟೆ ಇಳಿಸಿ ದೂರವೇ ನಿಂತಳು. ಗುರುಪಾದಪ್ಪ ಯಾರ ಮುಖವನ್ನೂ ನೋಡದೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ. “ಎಲುಬು ಕೂಡಿಸುವಾಗ ನಾ ಚೀರಿದೆ. ಕುದುರಿ ಹೆಸರ ಹಿಡದು ಚೀರಿದೆ. ಅದು ನನ್ನ ದನಿ ಕೇಳಿ ಓಡ್ತು. ಲಾಲಬಿ ಓಡಿಸಿಲ್ಲ. ದಿನಾ ಸಂಜೀಕೂ ನಾ ಅದನ್ನ ಮಾತಾಡಸ್ತಿದ್ದೆ.”

ಜಟಕಾ ನಿಲ್ಲಿಸುವ ಜಾಗದಿಂದ ಬಂದಿದ್ದ ಇಬ್ಬರು ಕಿಸಕ್ಕನೆ ನಕ್ಕರು. ಲಾಲಬಿ ಅವರ ಕಡೆ ತಿರುಗಿದಳು.

“ನಗಬ್ಯಾಡ್ರಿ. ಆ ಕುದುರಿ ಓಡೂದು ನಾ ಕಣ್ಣಾರೆ ನೋಡೇನಿ. ನಾ ಚೀರಿದ್ರ ಹಂಗ ಓಡಿ ಬರಾವರು ನನಗ ಯಾರೂ ಇಲ್ಲ. ನಿಮಗ ಇದ್ರ ನಗ್ರಿ.”

ಯಾರೂ ನಗಲಿಲ್ಲ. ಗುರುಪಾದಪ್ಪ ಮೊದಲ ಸಲ ಅವಳ ಮುಖ ನೋಡಿದ.

ನಾನು ಎದ್ದು ನಿಂತು “ನನ್ನ ತೀರ್ಪು ತಪ್ಪು” ಎಂದೆ. ಮೂರೇ ಶಬ್ದ. ಮೂವತ್ತೊಂದು ವರ್ಷ ಬಳಸದೆ ಇಟ್ಟದ್ದರಿಂದ ಹೊರಗೆ ಬರಲು ಸ್ವಲ್ಪ ತ್ರಾಸಾಯಿತು. ಹೊಸ ತೀರ್ಪು ಮಾತ್ರ ಸರಾಗವಾಗಿ ಬಂತು. ಲಾಲಬಿಯ ಎರವಲು ಇಂದಿನಿಂದ ಮೊದಲಿನ ಹಾಗೆ. ಅವಳ ಅವಧಿಯಲ್ಲಿ ಉಳಿದ ಇಪ್ಪತ್ತೆರಡು ದಿನ ಅವಳವೇ. ಗುಲಗಂಜಿಯ ಕಾಲು ಪೂರ್ತಿ ಕೂಡಬೇಕಾದರೆ ದಿನಾ ಹಳ್ಳದ ಮರಳಿನಲ್ಲಿ ಬರಿಮೈಯಲ್ಲಿ ನಿಧಾನ ನಡೆಯಬೇಕು; ಲಾಲಬಿ ಹಗ್ಗ ಹಿಡಿದು ನಡೆಸಲಿ. ಕುದುರೆ ಅವಸರ ಮಾಡದ ಹಾಗೆ ಗುರುಪಾದಪ್ಪ ತನ್ನ ಅಂಗಳದಿಂದ ಮಾತು ಹೇಳಲಿ. ಹೇಗೂ ಬಾಯಿ ಮುಚ್ಚಿ ಇರಲಾರದವನು, ಆ ಬಾಯಿ ಕೆಲಸಕ್ಕಾದರೂ ಬರಲಿ. ಅಷ್ಟೂ ದಿನ ಲಾಲಬಿಯ ಉಪ್ಪು ಬರುವುದು ಹೇಗೆ ಎಂದು ಯಾರೋ ಕೇಳಿದರು. ನಕ್ಕ ಇಬ್ಬರ ಜಟಕಾಗಳಲ್ಲಿ ಎಂದೆ.

ಆ ಇಪ್ಪತ್ತೆರಡು ದಿನ ನೋಡಬೇಕಿತ್ತು. ಅತ್ತ ಹಳ್ಳದಲ್ಲಿ ಲಾಲಬಿ ಕೆಂಪು ಕುದುರೆಯ ಪಕ್ಕ ಮಾತಿಲ್ಲದೆ ನಡೆಯುತ್ತಿದ್ದಳು. ಇತ್ತ ಅಂಗಳದಲ್ಲಿ ಗುರುಪಾದಪ್ಪ ಸಪ್ಪಳಕ್ಕೆ ಕಿವಿಗೊಟ್ಟು “ಸಾವಕಾಶ ನನ್ನವ್ವಾ, ಎಡಗಾಲು ಊರು, ಹಾಂ, ಹಂಗ” ಎನ್ನುತ್ತಿದ್ದ. ಲಾಲಬಿಗೆ ಅವನ ಮಾತು ಕೇಳಿಸುತ್ತಿರಲಿಲ್ಲ, ಆದರೆ ಕಪ್ಪು ಕಿವಿ ಅಲುಗಿದ್ದು ಕಂಡು ಅವಳೂ ಹೆಜ್ಜೆ ತಡೆಯುತ್ತಿದ್ದಳು. ನಾನು ದಿನ ಬಿಟ್ಟು ದಿನ ಹೋಗಿ ಕೇಳಿ ಬರುತ್ತಿದ್ದೆ. ಮೂರೂವರೆ ಇದ್ದದ್ದು ಮೂರೂಮುಕ್ಕಾಲಾಯಿತು. ಕೊನೆಯ ದಿನ ಲಾಲಬಿ ಕುದುರೆಯನ್ನು ಬಾಗಿಲಿಗೆ ತಂದಾಗ ಗುರುಪಾದಪ್ಪ ಕಾಶವ್ವನ ಹೆಗಲು ಹಿಡಿದು ಎದ್ದು ನಿಂತ. “ಬಂತು, ಒಪ್ಪಿದೆ” ಎಂದ. ಸಪ್ಪಳ ಅಂಗಳ ದಾಟಿ ಹೊಸ್ತಿಲ ಬಳಿ ಕುದುರೆಯ ಕಾಲಿಗೆ ಸೇರಿತು. ಗುಲಗಂಜಿ ನಾಲ್ಕು ಹೆಜ್ಜೆ ಹಾಕಿ ಅವನ ಎದೆಗೆ ತಲೆ ಒತ್ತಿತು. ನಾಲ್ಕೂ ಸರಿಯಾಗಿ ಕೇಳಿಸಿದವು. ನನಗೆ ಹಗುರವೆನಿಸಿತು.

ಆದರೆ ಒಂದು ವಿಷಯ ಕೊರೆಯುತ್ತಲೇ ಇತ್ತು. ಎರವಲು ತೆರೆದು ಇಷ್ಟು ದಿನವಾದರೂ ಲಾಲಬಿ ಯಾರ ಮನೆಗೂ ಏನನ್ನೂ ಕೇಳಲು ಹೋಗಿರಲಿಲ್ಲ. ಕೊಡಲು ಬಂದವರನ್ನೂ “ಬೇಕಾದ್ರ ಕೇಳ್ತೀನ್ರಿ” ಎಂದು ಬಾಗಿಲಿನಿಂದಲೇ ಕಳಿಸುತ್ತಿದ್ದಳು. ಕೇಳದೇ ಇದ್ದವರು ಇಂದಲ್ಲ ನಾಳೆ ಊರು ಬಿಡುವವರೇ. ನನ್ನ ತೀರ್ಪು ತಿರುಗಿತ್ತು, ಅವಳ ಮನಸ್ಸು ತಿರುಗಿರಲಿಲ್ಲ. ತಪ್ಪು ತೀರ್ಪು ಹೇಳಿದವರಿಗೆ ಏನು ಶಿಕ್ಷೆ ಎಂದು ನಮ್ಮೂರಲ್ಲಿ ಯಾರೂ ಗೊತ್ತು ಮಾಡಿಟ್ಟಿಲ್ಲ. ನಾನೇ ಒಂದು ಬಟ್ಟಲಿನಲ್ಲಿ ಗಟ್ಟಿ ಹೆಪ್ಪು ತುಂಬಿಕೊಂಡು ಬೆಳಿಗ್ಗೆ ಅವಳ ಮನೆಗೆ ಹೋದೆ.

“ಹೆಪ್ಪು ತಂದೀನಿ,” ಎಂದೆ.

ಅವಳು ಬಟ್ಟಲನ್ನೂ ನನ್ನನ್ನೂ ನೋಡಿದಳು. ಒಳಗೆ ಕರೆದು ಒಂದು ಗಡಿಗೆಯ ಮುಚ್ಚಳ ತೆಗೆದಳು. ಗಡಿಗೆ ತುಂಬ ಮೊಸರು, ಕೆನೆ ಕಟ್ಟಿತ್ತು.

“ನೀವು ಎರವಲು ನಿಲ್ಲಿಸಿದ ದಿನ ಹಾಲಿಗೆ ಹಸಿಮೆಣಸಿನಕಾಯಿ ತೊಟ್ಟು ಹಾಕಿದೆ, ಅಕ್ಕಾರ. ಎರಡು ದಿನ ಕೆಟ್ಟು ಹೋತು. ಮೂರನೇ ದಿನ ಹೆಪ್ಪಾತು. ಅವತ್ತಿಂದ ಇದು ನಂದೇ. ಯಾರ ಮನೀದೂ ಅಲ್ಲ.”

ನಾನು ಹೊರಗೆ ಹೋಗಿ ನನ್ನ ಬಟ್ಟಲಿನ ಹೆಪ್ಪನ್ನು ಅವಳ ಕೋಳಿಗಳ ಮುಂದೆ ಸುರುವಿದೆ. ಕೊಡದ ನೀರಿನಲ್ಲಿ ಬಟ್ಟಲು ತೊಳೆದೆ. ತಿರುಗಿ ಬಂದು ಹೊಸ್ತಿಲ ಹೊರಗೆ ನಿಂತು ಬಟ್ಟಲು ಚಾಚಿದೆ.

“ಒಂದು ಚಮಚ ಹೆಪ್ಪು ಎರವಲು ಕೊಡವ್ವಾ ಲಾಲಬಿ.”

ಅವಳು ಇಲ್ಲ ಎನ್ನಬಹುದಿತ್ತು. ಎಂದಿದ್ದರೆ ನ್ಯಾಯವೇ ಆಗುತ್ತಿತ್ತು. ನನ್ನ ಚಾಚಿದ ಕೈ ನೋಯಲು ಹತ್ತಿತು, ಆದರೂ ಅವಳು ನೋಡುತ್ತಲೇ ಇದ್ದಳು. ಆಮೇಲೆ ಚಮಚ ತೆಗೆದುಕೊಂಡು ಬಟ್ಟಲಿಗೆ ಹಾಕಿದಳು.

“ಒಯ್ರಿ. ತಿರುಗಿ ಕೊಡೂದು ಮರೀಬ್ಯಾಡ್ರಿ.”

ಮರೆಯಲಿಲ್ಲ. ಮರುದಿನ ಬೆಳಿಗ್ಗೆಯೇ ಕೊಟ್ಟು ಬಂದೆ. ಅವಳ ಹೆಪ್ಪಿನ ಮೊಸರು ತುಸು ಹುಳಿ, ಇವತ್ತಿಗೂ ನನ್ನ ಮನೆಯಲ್ಲಿ ಅದೇ. ಆ ಸಂಜೆ ನಾನು ಕಟ್ಟೆಯ ಮೇಲೆ ಲಾಳ ತಟ್ಟುತ್ತ ಕೂತಿದ್ದಾಗ ಲಾಲಬಿ ಬಂದು ಮುಂದೆ ನಿಂತಳು. ಜರಡಿ ಇದ್ದರೆ ಒಂದು ದಿನದ ಮಟ್ಟಿಗೆ ಬೇಕಾಗಿತ್ತು ಎಂದಳು.